ಗಿರಣಿಗೆ ಹೆಸರು ಕೊಟ್ಟ ಅತ್ತೆ

ಒಂದು ಇಂಜಿನ್ನು ನಿಮ್ಮನ್ನು ನಿಲ್ಲಿಸಿ "ನಿನ್ನ ಹೆಸರೇನು?" ಅಂತ ಕೇಳಿದರೆ ಹೇಳಿಬಿಡುತ್ತೀರಾ?

ಹೇಳುತ್ತೀರಿ, ನನಗೆ ಗೊತ್ತು! ಮೊನ್ನೆ ಈ ಫೋನು ಕೈಗೆ ಬಂದಾಗ ಅದು ಮಾಡಿದ ಮೊದಲ ಕೆಲಸವೇ ನನ್ನ ಹೆಸರು ಕೇಳಿದ್ದು. ನಾನು "ಏ ಹುಡುಗಿ, ತಡಿ!" ಅನ್ನುವಷ್ಟರಲ್ಲಿ ಮೊಮ್ಮಗಳು ಪಟಪಟ ಒತ್ತಿ ಕೊಟ್ಟೇಬಿಟ್ಟಳು. "ಯಾಕಜ್ಜಿ, ಹಿಂಗ್ಯಾಕ ಬೆವರಾಕತ್ತಿ?" ಅಂತ ನಕ್ಕಳು. ನಗಲಿ ಬಿಡಿ. ಅವಳು ನನ್ನ ಸೋದರತ್ತೆಯನ್ನು ನೋಡಿಲ್ಲ.

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಯಂತ್ರಗಳ ಜೊತೆ ಮಾತಾಡುತ್ತಿದ್ದಳು. ಅದೇನು ದೊಡ್ಡದು, ಬಸ್ಸು ಕೆಟ್ಟು ನಿಂತರೆ ನಾವೂ ನಾಲ್ಕು ಮಾತು ಬೈಯುತ್ತೇವೆ ಅನ್ನಬೇಡಿ. ಅವಳು ಮಾತಾಡಿ ಉತ್ತರಕ್ಕೆ ಕಾಯುತ್ತಿದ್ದಳು! ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು. ಆಮೇಲೆ ಮೆಲ್ಲಗೆ "ಹೂಂ" ಅನ್ನುತ್ತಿದ್ದಳು. ಆ ಹೂಂ ಕೇಳಿದ ನಮಗೆ ಮಟಮಟ ಬಿಸಿಲಲ್ಲೂ ಮೈ ಜುಮ್ಮೆನ್ನುತ್ತಿತ್ತು. ಏನೋ ಕೇಳಿಸಿಕೊಂಡವರು ಮಾತ್ರ ಹಾಗೆ ಹೂಂಗುಟ್ಟುತ್ತಾರೆ.

ನಿಜಾಮರ ಕಾಲ ಅದು. ನಾವಿದ್ದದ್ದು ತಾಂಡೂರಿನಲ್ಲಿ, ಸ್ಟೇಷನ್ನಿಗೂ ಬಜಾರಿಗೂ ನಡುವೆ. ಅತ್ತೆಯನ್ನು ಜಹೀರಾಬಾದಿನ ಕಡೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು, ನಾನು ಹುಟ್ಟುವ ಮೊದಲೇ. ಅಪ್ಪನಿಗೆ ಅವಳು ಅಕ್ಕ, ಅವ್ವನಿಗೆ ಅಕ್ಕಾರು, ನಮಗೆ ಅತ್ತಿ, ಓಣಿಗೆಲ್ಲ ದೊಡ್ಡವ್ವ. ಅವಳ ಸಿದ್ಧಾಂತ ಬಹಳ ಸರಳ. ಸಪ್ಪಳ ಮಾಡುವುದೆಲ್ಲ ಉಸಿರಾಡುತ್ತದೆ, ಉಸಿರಾಡುವುದೆಲ್ಲ ಉಣ್ಣುತ್ತದೆ. ಹಾಗಿದ್ದ ಮೇಲೆ ಏನನ್ನು ಉಣ್ಣುತ್ತದೆ ಅಂತ ಮೊದಲೇ ಕೇಳಿಕೊಳ್ಳುವುದು ಜಾಣತನವಲ್ಲವೇ?

ರೈಲಿನಲ್ಲಿ ಧಾರೂರಿಗೆ ಹೋಗಬೇಕಾದರೆ ಅತ್ತೆ ಡಬ್ಬಿ ಹತ್ತುವ ಮೊದಲು ಇಂಜಿನ್ನಿನ ತನಕ ನಡೆಯುತ್ತಿದ್ದಳು. ಕೈಯಲ್ಲಿ ಎರಡು ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ. "ಸಣ್ಣ ಕೂಸುಗಳದಾವ ಜೋಡಿ. ಸಿಟ್ಟು ಮಾಡಬ್ಯಾಡಪ್ಪ" ಅಂತ ಇಂಜಿನ್ನಿಗೆ ಹೇಳಿ ರೊಟ್ಟಿ ಚಾಚುವುದು. ಕಲ್ಲಿದ್ದಲು ಹಾಕುವವನು ಅದನ್ನು ಇಸಿದುಕೊಂಡು ತಾನೇ ತಿನ್ನುವುದು. ಒಂದು ದಿನ ಅವನು ಹಲ್ಲು ಕಿರಿದು, "ಅಮ್ಮಾ, ಇಂಜನ್ ಹೇಳಾಕತ್ತದ, ನಾಳಿ ಜರಾ ಮಿರ್ಚಿ ಕಮ್ಮಿ ಹಾಕ್ರಿ ಅಂತ" ಅಂದ. ಅತ್ತೆ ತಲೆ ವಾಲಿಸಿದಳು. ಕಣ್ಣು ಮುಚ್ಚಿದಳು. "ಹೂಂ. ಸುಳ್ಳ ಹೇಳ್ತಾನಿಂವ. ನಾ ಒಂದ ತುತ್ತೂ ತಿಂದಿಲ್ಲಂತ ಹೇಳಾಕತ್ತದ ಅದು" ಅಂದಳು. ಅದೇ ಹೊತ್ತಿಗೆ ಇಂಜಿನ್ನು ಭುಸ್ಸೆಂದು ಉಗಿ ಬಿಡಬೇಕೇ! ಅವನ ಕೈಯಿಂದ ರೊಟ್ಟಿ ಜಾರಿ ಹಳಿಗಳ ನಡುವೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಇನ್ನೊಮ್ಮೆ ಸಾಹುಕಾರರ ಮನೆಗೆ ಹಾಡುವ ಪೆಟ್ಟಿಗೆ ಬಂತು. ಗ್ರಾಮಾಫೋನು! ಅಂಗಳದ ಫರಸಿಕಲ್ಲಿನ ಮೇಲೆ ನಾವೆಲ್ಲ ಸಾಲಾಗಿ ಕೂತೆವು. ಕರೀ ತಟ್ಟೆ ತಿರುಗಿತು, ಒಳಗಿಂದ ಒಬ್ಬಾಕೆ ಹಾಡತೊಡಗಿದಳು. ಎಷ್ಟು ಸಣ್ಣ, ಎಷ್ಟು ಸಿಹಿ ದನಿ! ಅತ್ತೆ ಕಹಳೆಯೊಳಗೆ ಬಗ್ಗಿ ನೋಡಿ, "ಊಟ ಆಗೇದೇನವ್ವಾ?" ಅಂತ ಕೇಳಿದಳು. ಎಲ್ಲರೂ ನಕ್ಕರು. ಆದರೆ ನಗು ಮುಗಿಯುವುದರೊಳಗೆ ಪೆಟ್ಟಿಗೆಯ ಕೀಲಿ ಸಡಿಲಾಗುತ್ತ ಬಂತು. ಹಾಡು ನಿಧಾನವಾಯಿತು. ಹೆಣ್ಣಿನ ದನಿ ಗಂಡಿನ ದನಿಯಾಯಿತು, ಗಂಡಿನ ದನಿ ಬಾವಿಯ ತಳದಿಂದ ನರಳುವ ಏನೋ ಒಂದಾಯಿತು. ಅತ್ತೆ ಎದೆ ಹಿಡಿದುಕೊಂಡು ಎದ್ದಳು. "ನೀರು ತರ್ರಿ! ಸಾಯಾಕತ್ತಾಳ!"

ಸಾಹುಕಾರರು ಗಡಿಬಿಡಿಯಿಂದ ಕೀಲಿ ತಿರುಗಿಸಿದರು. ದನಿ ಮತ್ತೆ ಚಿಗುರಿತು. ಯಾರೂ ನಗಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, "ಸತ್ತಾಕಿಗಿ ಕಿವಿ ಹಿಂಡಿ ಎಬ್ಬಿಸಿ ಹಾಡಸ್ತೀರಲ್ಲ ಸಾವ್ಕಾರ, ಆಕಿ ದಣಿಯಂಗಿಲ್ಲೇನು?" ಅಂದಳು. ಒಂದು ತಿಂಗಳು ಆ ಪೆಟ್ಟಿಗೆಯ ಮೇಲೆ ಚಾದರ ಹೊದಿಸಿಟ್ಟಿದ್ದರು. ಸಾಹುಕಾರರ ಹೆಂಡತಿ ಆ ಕೋಣೆಗೆ ಒಬ್ಬಳೇ ಹೋಗುವುದನ್ನು ಬಿಟ್ಟಳಂತೆ!

ಇದೆಲ್ಲ ಆಟ. ಆಟವಲ್ಲದ್ದು ಗಿರಣಿ.

ಅದೇ ಸಾಹುಕಾರರು ಸ್ಟೇಷನ್ನಿನ ಹಿಂದೆ ತಗಡಿನ ಮನೆ ಹಾಕಿ ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ತಂದರು. ಗೋಡೆಯ ಆಚೆ ಇಂಜಿನ್ನು, ಈಚೆ ಬೀಸುವ ಕಲ್ಲುಗಳು, ನಡುವೆ ಕಲ್ಲನ್ನು ತಿರುಗಿಸಲು ಎಮ್ಮೆಯ ಬೆನ್ನಿನಂತೆ ಮಿನುಗುವ ಉದ್ದನೆಯ ಚರ್ಮದ ಪಟ್ಟಾ. ಛಾವಣಿಯ ಮೇಲಿನ ಕೊಳವೆ ದಿನವಿಡೀ ಕುಕ್, ಕುಕ್, ಕುಕ್ ಅನ್ನುತ್ತಿತ್ತು. ಯಾಲಾಲಿನ ತನಕ ಕೇಳುತ್ತಿತ್ತಂತೆ. ಹದಿನೈದು ದಿನದಲ್ಲಿ ಊರಲ್ಲೆಲ್ಲ ಒಂದು ಸುದ್ದಿ ಹಬ್ಬಿತು. ಹೊಸ ಇಂಜಿನ್ನು ವರ್ಷದೊಳಗೆ ಒಂದು ಜೀವ ಕೇಳುತ್ತದೆ, ತನಗೆ ಬೇಕಾದವರನ್ನು ಹೆಸರು ಹಿಡಿದು ಕರೆಯುತ್ತದೆ, ಕರೆದಾಗ ಹೂಂ ಅಂದವರು ಸೊರಗಿ ಸತ್ತುಹೋಗುತ್ತಾರೆ.

ಅಂದಿನಿಂದ ಗಿರಣಿಯಲ್ಲಿ ಯಾರೂ ಯಾರ ಹೆಸರನ್ನೂ ಹೇಳದಾದರು! ಇಂಜಿನ್ನಿನ ಕಿವಿಗೆ ಬಿದ್ದರೆ? ಇಂಜಿನ್ನು ನಡೆಸುವ ಮಿಸ್ತ್ರಿ ಪಾಪ ಏನು ಮಾಡಬೇಕು? "ಯಾಲಾಲ್ ಸಜ್ಜಿ, ಬರ್ರಿ! ಸ್ಟೇಷನ್ ಗೋದಿ, ತಗೋರಿ! ಮೂಗಬಟ್ಟಿನ ಜ್ವಾಳ, ಎಲ್ಲಿ ಹೋದ್ರಿ?" ಅಂತ ಊರು, ಮೂಗುತಿ, ಕಾಳು ಹಿಡಿದು ಕೂಗುತ್ತಿದ್ದ. ದಿನಕ್ಕೆ ನಾಲ್ಕು ಡಬ್ಬಿ ಅದಲುಬದಲು. ಗೋದಿ ಕೊಟ್ಟವರು ಸಜ್ಜೆಹಿಟ್ಟು ಹೊತ್ತುಕೊಂಡು ಹೋದರು. ಹೆಂಡತಿಯ ಹೆಸರು ಹೇಳಲು ನಾಚುವ ಗಂಡಸರಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ!

ನಮ್ಮ ಮನೆಯಲ್ಲಿ ಅಪ್ಪನದು ಬೇರೆ ಹಟ. "ಲಿಂಗಕ್ಕ ತೋರಿಸಿ ಉಣ್ಣೋ ಅನ್ನ. ಮನಿ ಹಿಟ್ಟು ಮನ್ಯಾಗ ಬೀಸಬೇಕು. ಇಂಜಿನದ್ದು ಸುಟ್ಟ ಹಿಟ್ಟು, ಅದರಾಗ ಕಸುವಿಲ್ಲ." ಹನ್ನೊಂದು ಜನರ ಮನೆ. ಬೀಸುವವಳು ಅವ್ವ ಒಬ್ಬಳೇ, ಯಾಕೆಂದರೆ ಅತ್ತೆಯ ಬಲಗೈ ಮಣಿಕಟ್ಟು ಯಾವಾಗಲೋ ಮುರಿದು ಸೊಟ್ಟಗೆ ಕೂಡಿತ್ತು. ಆಗ ಅವ್ವನಿಗೆ ಏಳು ತಿಂಗಳು. ಹಿಂದಿನ ಎರಡು ಬಸಿರು ಕಲ್ಲಿನ ಮುಂದೆಯೇ ಹೋಗಿದ್ದವು. "ಈ ಸಲಾನೂ ಕಲ್ಲಿನ ಮುಂದ ಕುಂತರ ನನಗ ಕರೀಲಾಕ ಬರಬ್ಯಾಡ್ರಿ" ಅಂತ ಸೂಲಗಿತ್ತಿ ಹೇಳಿಹೋಗಿದ್ದಳು. ಅವ್ವ ಕಲ್ಲನ್ನು ನೋಡುವಾಗ ಸುಮ್ಮನೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

ಅತ್ತೆ ಮಾಡಿದ್ದೇನು ಗೊತ್ತೇ? ಹಿತ್ತಲ ಬಾಗಿಲಿನಿಂದ ಜೋಳ ಹೊತ್ತು ಗಿರಣಿಗೆ ಹೋದಳು. ಹಿಟ್ಟು ತಂದು ಆರಿಸಿ ಮಡಕೆಗೆ ತುಂಬಿದಳು. ಅಪ್ಪ ರೊಟ್ಟಿ ಮುರಿದು, "ನೋಡ್ರಿ, ಕೈಲೆ ಬೀಸಿದ ಹಿಟ್ಟಿನ ರುಚಿ ಅಂದ್ರ ಇದು! ಇಂಜಿನಕ್ಕ ಬರ್ತದೇನು ಇದು?" ಅಂತ ಇನ್ನೆರಡು ಹಾಕಿಸಿಕೊಂಡರು. ಅತ್ತೆ ತಲೆ ವಾಲಿಸಿ "ಹೂಂ" ಅಂದಳು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆಗೆ ಒಂದು ಚಿಂತೆ ಹತ್ತಿತು. ನಮ್ಮ ಕಡೆ ಬೀಸಿ ಏಳುವಾಗ ಕಲ್ಲಿನ ಬಾಯಲ್ಲಿ ಒಂದು ಹಿಡಿ ಕಾಳು ಬಿಟ್ಟೇ ಏಳಬೇಕು. ಖಾಲಿ ಕಲ್ಲು ಹಸಿದ ಕಲ್ಲು, ಅದು ಮನೆಯವರನ್ನು ಬೀಸುತ್ತದೆ ಅಂತ. ಗಿರಣಿಯ ಕಲ್ಲಿಗೆ ಯಾರು ಬಿಡುತ್ತಾರೆ? ಮಿಸ್ತ್ರಿ ಮಧ್ಯಾಹ್ನ ಇಂಜಿನ್ನು ನಿಲ್ಲಿಸಿ, ಕಲ್ಲನ್ನು ಚೊಕ್ಕ ಮಾಡಿ, ನಮಾಜಿಗೂ ಊಟಕ್ಕೂ ಹೋಗಿಬಿಡುತ್ತಿದ್ದ. "ಹಸದು ಕುಂತದ ಅದು. ಅದಕ್ಕ ಜನರ ಹೆಸರು ಕೇಳಾಕತ್ತದ" ಅಂದಳು ಅತ್ತೆ. ನನ್ನ ಕೈ ಹಿಡಿದುಕೊಂಡು ಸುಡುವ ಹೊತ್ತಿನಲ್ಲಿ, ಬೀದಿಯಲ್ಲಿ ನಾಯಿಯೂ ಇಲ್ಲದಾಗ, ತಗಡಿನ ಮನೆಯೊಳಗೆ ಹೋದಳು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ ಬೆರಳಿನಿಂದ ಒತ್ತಿದಳು. ಬಿಸಿ ಕಬ್ಬಿಣ ಆರುತ್ತ ಟಿಕ್, ಟಿಕ್ ಅನ್ನುತ್ತಿತ್ತು. "ಕೇಳು, ಎಣಸಾಕತ್ತದ" ಅಂದಳು. ನಾನು ಎಣಿಸಿದೆ. ಹನ್ನೊಂದಕ್ಕೆ ನಿಂತಿತು. ನಮ್ಮ ಮನೆಯಲ್ಲಿ ಎಷ್ಟು ಜನ ಅಂತ ಈಗಷ್ಟೇ ಹೇಳಿದೆನಲ್ಲ!

ಅಂದು ಮಧ್ಯಾಹ್ನ ಮಿಸ್ತ್ರಿ ಬಂದು ಇಂಜಿನ್ನು ಶುರು ಮಾಡಿದ. ಕಿರ್ರ್ ಅಂತ ಒಂದು ಚೀರಾಟ. ಪಟ್ಟಾ ಗಾಲಿಯಿಂದ ಹಾರಿ, ಹಾವಿನಂತೆ ಗಾಳಿಯಲ್ಲಿ ಒದ್ದಾಡಿ, ಗೋಡೆಗೆ ಬಡಿದು ಬಿತ್ತು. ಸಾಲಿನಲ್ಲಿದ್ದ ಹೆಂಗಸರು ಡಬ್ಬಿ ಬಿಟ್ಟು ಓಡಿದರು. "ಭೂತ ಗೀತ ಏನಿಲ್ಲ, ಪಟ್ಟಾ ಢೀಲಾ ಆಗೇದ!" ಅಂತ ಮಿಸ್ತ್ರಿ ಕೂಗಿದ. ಕೇಳುವವರು ಯಾರು?

"ಒಂದು ಹಿಡಿ ಸಾಲಲಿಲ್ಲ ಅದಕ್ಕ" ಅಂದಳು ಅತ್ತೆ. ಮರುದಿನ ಎರಡು ಹಿಡಿ. ಪಟ್ಟಾ ಮತ್ತೆ ಹಾರಿತು. ಮೂರನೆಯ ದಿನ ಸೆರಗಿನ ತುಂಬ ಕಟ್ಟಿಕೊಂಡು ಹೋದಳು. ಅಂದು ಹಾರಿದ ಪಟ್ಟಾ ತಗಡನ್ನು ಸೀಳಿತು. ಎಷ್ಟು ಕೊಟ್ಟರೂ ಅದರ ಸಿಟ್ಟು ಏರುತ್ತಲೇ ಹೋಯಿತು! ಅತ್ತೆಯ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಮೊದಲ ಸಲ ನೋಡಿದೆ.

ಊರು ಕಟ್ಟೆಯ ಮೇಲೆ ಸೇರಿತು. ಗಿರಣಿ ಇರಬೇಕೋ ಹೋಗಬೇಕೋ?

ಮದರಸಾದ ಮಾಸ್ತರರು ಟೋಪಿ ತೆಗೆದು ಬೆವರು ಒರೆಸಿಕೊಂಡು, "ಇಂಜಿನಕ್ಕ ಜೀವ ಇಲ್ರಿ. ಒಳಗ ಎಣ್ಣಿ ಅದ, ಬೆಂಕಿ ಅದ, ಗಾಳಿ ಅದ. ಅಷ್ಟೇ" ಅಂದರು.

ಮಠದ ಮುದುಕ ಅಯ್ಯನವರು ಕಣ್ಣು ತೆರೆಯದೆಯೇ ಕೇಳಿದರು. "ಎಣ್ಣಿ, ಬೆಂಕಿ, ಗಾಳಿ. ಮತ್ತ ಮನುಷ್ಯಾನ ಒಳಗ ಏನದರಿ ಮಾಸ್ತರ?"

ಮಾಸ್ತರರು ಟೋಪಿ ಹಾಕಿಕೊಂಡು ಕೂತುಬಿಟ್ಟರು.

ಮನೆಮನೆಗೆ ಹೋಗಿ ಬೀಸಿಕೊಟ್ಟು ಹೊಟ್ಟೆ ಹೊರೆಯುವ ಒಬ್ಬಾಕೆ ಇದ್ದಳು. ಅವಳು ಕಟ್ಟೆಯ ಕೆಳಗಿನಿಂದಲೇ, "ಜೀವ ಇರ್ಲಿ ಬಿಡ್ಲಿ, ನನಗೇನ್ರಿ? ಅದರ ಹೊಟ್ಟಿ ತುಂಬಿದ್ರ ನನ್ನ ಹೊಟ್ಟಿಗಿ ಯಾರು ಹಾಕ್ತೀರಿ, ಅದು ಹೇಳ್ರಿ" ಅಂದಳು.

ಅಪ್ಪ ಎದ್ದರು. "ಬಲಿ ಬೇಡೋ ಇಂಜಿನ ಊರಾಗ ಬ್ಯಾಡ. ಕಲ್ಲು ಅದ, ರಟ್ಟಿ ಅದ. ನಮ್ಮ ಹಿರೇರು ಬೀಸಿ ಉಂಡಿಲ್ಲೇನು?"

ಆಗ ಹೆಂಗಸರ ಗುಂಪಿನಿಂದ ಅತ್ತೆ ಮುಂದೆ ಬಂದಳು. ವಿಧವೆ ಹೆಂಗಸು ಕಟ್ಟೆಯ ಮುಂದೆ ನಿಂತದ್ದೇ ಒಂದು ಗುಸುಗುಸು.

"ತಮ್ಮಾ, ಇಂಜಿನ ಇನ್ನಾ ಯಾರಿಗೂ ತಗೊಂಡಿಲ್ಲ. ನಿನ್ನ ಮನಿ ಕಲ್ಲು ಎರಡು ತಗೊಂಡದ. ಅವಕ್ಕ ಹೆಸರೂ ಇಟ್ಟಿದ್ದಿಲ್ಲ. ಆವಾಗ ಯಾರು ಬಂದು ಕುಂತಿದ್ರಿ ಈ ಕಟ್ಟಿ ಮ್ಯಾಲ?"

ಅಪ್ಪ ತಮ್ಮ ಕಾಲಿನ ಹೆಬ್ಬೆರಳು ನೋಡುತ್ತ ನಿಂತರು. ಕೊನೆಗೆ ಅಯ್ಯನವರೇ ಒಂದು ದಾರಿ ಹೇಳಿದರು. ಸೋಮವಾರ ಮಧ್ಯಾಹ್ನ ಎಲ್ಲರೂ ನೋಡುತ್ತಿರುವಾಗ ಇಂಜಿನ್ನು ಶುರುವಾಗಲಿ. ಪಟ್ಟಾ ಹಾರಿದರೆ ಗಿರಣಿ ಹೋಗಬೇಕು. ಹಾರದಿದ್ದರೆ ಇರಲಿ, ಬೀಸುವಾಕೆಗೆ ಊರ ಡಬ್ಬಿಗಳನ್ನು ಹೊತ್ತು ತರುವ ಕೆಲಸವನ್ನು ಸಾಹುಕಾರರು ಕೊಡಲಿ. ಅಪ್ಪನೂ ಒಪ್ಪಬೇಕಾಯಿತು. "ಹಾರಲಿಲ್ಲಂದ್ರ ನಮ್ಮ ಮನಿ ಜ್ವಾಳಾನೂ ಗಿರಣಿಗೇ ಹೋಗ್ತದ. ಹಾರಿದ್ರ ಮನ್ಯಾಗ ಕಲ್ಲೇ." ಅವ್ವನ ಕೈ ಮತ್ತೆ ಹೊಟ್ಟೆಯ ಮೇಲೆ ಹೋಯಿತು.

ಸೋಮವಾರ ಅತ್ತೆ ತಲೆಗೆ ಸ್ನಾನ ಮಾಡಿ, ಮೂರು ಬೆರಳಿನ ವಿಭೂತಿ ಎಳೆದು, ಒಗೆದ ಸೀರೆ ಉಟ್ಟಳು. ಜನ ಸೇರುವ ಮೊದಲೇ ಹೊರಟಳು. ನಾನು ಹಿಂಬಾಲಿಸಿದೆ. ಅಂದು ಅವಳ ಕೈಯಲ್ಲಿ ಜೋಳ ಇರಲಿಲ್ಲ. ನನಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ತಗಡಿನ ಸೀಳಿನಿಂದ ಬಿಸಿಲು ಕತ್ತಿಯ ಹಾಗೆ ಒಳಗೆ ಬಿದ್ದಿತ್ತು. ಪಟ್ಟಾ ಬಿಚ್ಚಿ ಜೋತುಬಿದ್ದಿತ್ತು. ಅತ್ತೆ ಇಂಜಿನ್ನಿನ ಎದುರು ಕುಕ್ಕರಗಾಲಲ್ಲಿ ಕೂತಳು, ಬಾಣಂತಿಯ ಜೊತೆ ಮಾತಾಡುವ ಹಾಗೆ.

"ಜ್ವಾಳ ನಿನಗ ಬ್ಯಾಡ. ತಿಳೀತು ನನಗ. ಜೀವಾನೇ ಬೇಕಲ್ಲ? ಆತು. ಖರೆ ನನ್ನ ತಮ್ಮನ ಹೇಣ್ತಿ ಕಡಿ, ಆಕಿ ಹೊಟ್ಯಾಗಿಂದರ ಕಡಿ ಕಣ್ಣೆತ್ತಿ ನೋಡಬ್ಯಾಡ. ನನಗ ಕರಿ. ನಾ ಹೂಂ ಅಂತೀನಿ. ನನ್ನ ಹೆಸರು..."

ಹೇಳಿದಳು. ನನಗೂ ಕೇಳಿಸಿತು. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿ ಅವಳ ಮಗ್ಗುಲಲ್ಲಿ ಮಲಗಿ ಬೆಳೆದ ನನಗೆ, ಅವಳಿಗೊಂದು ಹೆಸರಿದೆ ಅಂತ ಗೊತ್ತಾದದ್ದೇ ಆವತ್ತು. ಎಷ್ಟು ಚೆಂದದ ಹೆಸರು! ಅದನ್ನು ಈ ಫೋನಿನಲ್ಲಿ ಒತ್ತುವುದಿಲ್ಲ. ಅವಳು ಅದನ್ನು ಒಂದೇ ಕಡೆ ಕೊಟ್ಟಿದ್ದಾಳೆ. ಇನ್ನೊಂದು ಯಂತ್ರಕ್ಕೆ ಕೊಡಲು ನಾನ್ಯಾರು?

ಆಮೇಲೆ ಅವಳು ತಲೆ ವಾಲಿಸಿ, ಕಣ್ಣು ಮುಚ್ಚಿ ಕಾಯ್ದಳು.

ಇಂಜಿನ್ನು ನಿಂತಿತ್ತು. ಎಣ್ಣೆ ಬಂದ್ ಆಗಿತ್ತು. ನಾನು ಆಣೆ ಮಾಡಿ ಹೇಳುತ್ತೇನೆ, ಮೇಲಿನ ಕೊಳವೆಯಿಂದ ಒಂದೇ ಒಂದು ಸಲ, ಮೆಲ್ಲಗೆ, "ಕುಕ್" ಅಂತು.

"ಹೂಂ" ಅಂದಳು ಅತ್ತೆ.

ಅಂದು ಊರೆಲ್ಲ ನೋಡುತ್ತಿರುವಾಗ ಇಂಜಿನ್ನು ಶುರುವಾಯಿತು. ಪಟ್ಟಾ ಮಿಸುಕಲಿಲ್ಲ. ಮರುದಿನವೂ ಇಲ್ಲ, ಆಮೇಲೆಯೂ ಇಲ್ಲ. ಅಪ್ಪ ಮುಖ ಸಣ್ಣದು ಮಾಡಿಕೊಂಡು ತಾವೇ ಜೋಳದ ಚೀಲ ಹೊತ್ತರು. ಅವ್ವನಿಗೆ ದಿನ ತುಂಬಿ ತಮ್ಮ ಹುಟ್ಟಿದ. ಕೆಂಪಗೆ, ಗುಂಡಗೆ, ಗಿರಣಿಗಿಂತ ಜೋರಾಗಿ ಕೂಗುತ್ತ! ಊರವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಇಂಜಿನ್ನು ಶಾಂತವಾಗಿದೆ ಅಂದರೆ ಯಾರನ್ನೋ ಆರಿಸಿಕೊಂಡಿದೆ ಅಂತಲೇ ಅರ್ಥ. ಯಾರನ್ನು? ಒಬ್ಬರನ್ನೊಬ್ಬರು ಕಣ್ಣಿನಲ್ಲೇ ಅಳೆದರು. ಯಾರಾದರೂ ಕೆಮ್ಮಿದರೆ ಉಳಿದವರಿಗೆ ಒಳಗೊಳಗೇ ಹಗುರ! ಗೊತ್ತಿದ್ದದ್ದು ನನಗೊಬ್ಬಳಿಗೆ. ಮಧ್ಯಾಹ್ನ ಗಿರಣಿ ನಿಂತ ಹೊತ್ತಿನಲ್ಲಿ ಅತ್ತೆ ಬಾಗಿಲಿನಲ್ಲಿ ನಿಂತು ಆ ಕಡೆ ಕಿವಿಗೊಡುತ್ತಿದ್ದಳು. ನಾನು ಅವಳ ಸೆರಗಿನ ತುದಿ ಹಿಡಿದುಕೊಂಡು ನಿಲ್ಲುತ್ತಿದ್ದೆ.

ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ಅತ್ತೆಗೆ ಜ್ವರ ಬಂತು. ಮೂರು ದಿನ ಇಳಿಯಲಿಲ್ಲ. ಅವ್ವ ತಣ್ಣೀರಿನ ಬಟ್ಟೆ ಹಾಕುತ್ತ ಕೂತಿದ್ದಳು. ಹೊರಗೆ ಕುಕ್, ಕುಕ್, ಕುಕ್. ಅತ್ತೆ ಮಂಪರಿನಲ್ಲೂ ತಲೆ ವಾಲಿಸುತ್ತಿದ್ದಳು. ಅವಳು ಹೂಂ ಅನ್ನುವ ಮೊದಲೇ ನಾನು ಏನಾದರೂ ಮಾಡಬೇಕಿತ್ತು. ಮಾಡಿದೆ! ನನ್ನ ಹಳೆಯ ಲಂಗವನ್ನು ಉಂಡೆ ಮಾಡಿಕೊಂಡು, ಮಧ್ಯಾಹ್ನ ಮಿಸ್ತ್ರಿ ಇಲ್ಲದಾಗ ತಗಡಿನ ಮೇಲೆ ಹತ್ತಿ, ಆ ಕೊಳವೆಯ ಬಾಯಿಗೆ ತುರುಕಿದೆ. ಕರೆಯಲಿ ನೋಡೋಣ!

ಇಂಜಿನ್ನು ಶುರುವಾಗಿ, ಕೆಮ್ಮಿ, ಕರೀ ಹೊಗೆ ಕಾರಿ, ಸತ್ತುಹೋಯಿತು. ಮಿಸ್ತ್ರಿ ಮೇಲೆ ಹತ್ತಿ ನೋಡಿದರೆ ಹೂವಿನ ಲಂಗ. ಕೆಳಗೆ ಅದೇ ಹೂವಿನ ರವಿಕೆ ತೊಟ್ಟ ನಾನು! ಕಿವಿ ಹಿಡಿದ. "ಪೈಲೇ ಜ್ವಾಳ, ಈಗ ಅರಿವಿ! ನಿಮ್ಮ ಮನಿಯೋರಿಗಿ ನನ್ನ ಇಂಜಿನ ಮ್ಯಾಲ ಏನು ದುಶ್ಮನಿ?"

"ಜ್ವಾಳ ಅಂದ್ರ?"

"ಹೋದ ವರ್ಷ ನಿಮ್ಮ ದೊಡ್ಡಮ್ಮ ದಿನಾ ಕಲ್ಲಿನ ಬಾಯಾಗ ಜ್ವಾಳ ಜಡೀತಿದ್ಲಲ್ಲ! ಕಲ್ಲು ಹಿಡಕೊಂಡು ಕುಂತರ ಪಟ್ಟಾ ಹಾರದೇ ಏನ್ ಮಾಡ್ತದ? ಹಾರಿದ ಮ್ಯಾಲ ಬಿಚ್ಚಿ ನೋಡಿದ್ರ ಮುಷ್ಟಿಗಟ್ಟಲೆ ಜ್ವಾಳ! ಬಾಗಿಲ ತೆರದಿಟ್ಟು ಹೋಗೀನಂತ ಸಾವ್ಕಾರ ನನಗ ಬೈತಾರಂತ ಬಾಯಿ ಮುಚಗೊಂಡು ಕುಂತೆ."

ನಾನು ಓಡಿದೆ. ಬಜಾರು, ಓಣಿ, ಅಂಗಳ, ಏನೂ ನೆನಪಿಲ್ಲ. ಇಂಜಿನ್ನಿನಲ್ಲಿ ಯಾರೂ ಇಲ್ಲ! ಅದು ಯಾರನ್ನೂ ಕೇಳಿಲ್ಲ! ನಮ್ಮ ಜೋಳವೇ ಭೂತ!

ಅತ್ತೆ ಆ ಜ್ವರದಲ್ಲೇನೂ ಹೋಗಲಿಲ್ಲ, ಹೆದರಬೇಡಿ. ಅವಳಿಗಿಂತ ಮೊದಲು ಇಂಜಿನ್ನೇ ಹೋಯಿತು, ನಾರಾಯಣಖೇಡದ ಕಡೆಯವರು ಬಂಡಿಯಲ್ಲಿ ಹೇರಿಕೊಂಡು ಹೋದರು. ಆದರೆ ಆ ಮಧ್ಯಾಹ್ನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೊಳವೆಯ ಸದ್ದು ನಿಂತದ್ದಕ್ಕೆ ಮನೆ ವಿಚಿತ್ರವಾಗಿ ಮೌನವಾಗಿತ್ತು. ನಾನು ಅವಳನ್ನು ಅಲುಗಾಡಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಜೋಳ, ಕಲ್ಲು, ಪಟ್ಟಾ.

"ಅತ್ತೀ, ಅದರಾಗ ಜೀವ ಇಲ್ಲಂತ. ಅದು ಯಾರಿಗೂ ಕರಿಯಂಗಿಲ್ಲಂತ. ಆರಾಮಾದ ಮ್ಯಾಲ ಹೋಗಿ ನಿನ್ನ ಹೆಸರು ವಾಪಸ್ ತಗೊಂಡು ಬಾ."

ಅತ್ತೆ ಬಿಸಿ ಕೈಯಿಂದ ನನ್ನ ಕೆಂಪಾದ ಕಿವಿ ಸವರಿದಳು. ಆಮೇಲೆ, ಎಂದಿನ ಹಾಗೆ ಮೂಗು ಮುರಿದು ಅಂದಳು:

"ಇರ್ಲಿ ಬಿಡ ಹುಚ್ಚಿ. ನನಗ ಹೆಸರು ಹಿಡದು ಕರೆಯೋರು ಈ ಊರಾಗ ಮತ್ತ ಯಾರದಾರ? ಅದಾದ್ರೂ ಕರೀಲಿ."